ಹುಣಸೆಗೆ ಉಪ್ಪುಕಾಗದ

ಗಂಗಮ್ಮನಗುಡಿ ಸರ್ಕಲ್ಲಿನ ಹುಣಸೆ
ಮೇ ತಿಂಗಳ ಒಂದು ಸಂಜೆಯ ಗಾಳಿಗೆ
ಕಬ್ಬಿನ ಹಾಲಿನ ಗಾಡಿಯ ಮೇಲೆ ಒರಗಿತು.
ಗಾಡಿಯವನು ಟೀ ಕುಡಿಯಲು ಹೋಗಿದ್ದ; ಬದುಕಿದ.
ಬೆಳಿಗ್ಗೆ ಕಾರ್ಪೊರೇಷನ್ನಿನ ಗರಗಸ ಬಂತು.
ಎಲ್ಲರೂ ಸೌದೆಗೆ ಬಂದರು, ನಾನು
ನಡುವಿನ ಕಪ್ಪಿಗೆ ಬಂದೆ:
ಹಳದಿ ಎಳೆಮರದ ಒಳಗೆ
ಅಂಗೈಯಗಲ, ನೇರಳೆ ತಿಂದ ನಾಲಗೆಯ ಬಣ್ಣ.

ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟು ತಂದೆ.
ಕೊಯ್ದ ಮುಖಕ್ಕೆ ಮೇಣ ಬಳಿದು
ಎರಡು ವರ್ಷ ಮಂಚದ ಕೆಳಗೆ.
ರಾತ್ರಿ ಒಮ್ಮೊಮ್ಮೆ ಟಕ್ ಎನ್ನುತ್ತಿತ್ತು.
ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿದ್ದವಳಿಗೆ
ಒಂದು ಟಕ್ ಆದಮೇಲೆ ಇನ್ನೊಂದಕ್ಕೆ ಕಾಯುವ ಚಾಳಿ.
ಮರಕ್ಕೆ ಅಂಥ ಆತುರ ಇಲ್ಲ.
ಇನ್ನೊಂದು ಟಕ್ ದೀಪಾವಳಿಗೆ ಬಂತು.

ಕಬ್ಬನ್‌ಪೇಟೆಯ ಸಂದಿಯೊಳಗೆ ಚಿಕ್ಕಪಿಳ್ಳಪ್ಪನವರ ಲೇತು.
ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ.
ಗಂಟೆಗೆ ಇಷ್ಟು ಅಂತ ಬಾಡಿಗೆ; ಬಯ್ಗುಳ ಪುಕ್ಕಟೆ.
"ಉಣಸೆ ಮರಾನಾ? ಉಳಿ ಮೊಂಡಾಗ್ತದೆ."
ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ:
ಹುಳಿಯೂ ಉಳಿ, ಉಳಿಯೂ ಉಳಿ,
ಉಳಿ ಎಂದರೆ ಇರು ಎಂದೂ ಆಗುತ್ತದೆ.
ಸಂದರ್ಭ ನೋಡಿ ನಾನೇ ಅರ್ಥ ಹಚ್ಚಿಕೊಳ್ಳಬೇಕು.

ಮೊಂಡಾಯಿತು. ಮಸೆದೆ. ಮೊಂಡಾಯಿತು. ಮಸೆದೆ.
ಇದು ಸಿಪ್ಪೆ ಬಿಡುವ ಮರವಲ್ಲ, ಪುಡಿ ಬಿಡುತ್ತದೆ,
ಕಾಫಿಪುಡಿಯಂತೆ ಬೆಚ್ಚಗೆ, ಮೂಗಿಗೆ ಒಗರು.
ಕೂದಲಿಗಿಂತ ಸಣ್ಣ ಕಡ್ಡಿ ಕಡೆದ ಕೈ ನನ್ನದು,
ಉಕ್ಕು ಹೇಳಿದಂತೆ ಕೇಳುತ್ತಿತ್ತು;
ಇಲ್ಲಿ ಮೊಣಕೈವರೆಗೂ ಜಗಳ.
"ಒತ್ತಬ್ಯಾಡ ಕಣಮ್ಮ, ಮಜ್ಜಿಗೆ ಕಡೀತಿದೀಯ ಅಂದ್ಕೊ.
ಬಟ್ಲು ಒಳಗೇ ಐತೆ, ಬೆಣ್ಣೆ ಇದ್ದಂಗೆ."
ಬೆಣ್ಣೆಗೆ ಇಷ್ಟು ಹಲ್ಲಿರುವುದಿಲ್ಲ ಅಂದೆ.

ಹೊಟ್ಟೆ ತೋಡುತ್ತ ಹೋದ ಹಾಗೆ ಸದ್ದು ಬದಲಾಗುತ್ತದೆ:
ಮೊದಲು ಒರಳು, ಆಮೇಲೆ ಮಡಕೆ,
ಗೋಡೆ ತೆಳುವಾದಾಗ ಪಕ್ಕದ ಮನೆಯಲ್ಲಿ ಯಾರೋ
ಬಾಯಿ ಮುಚ್ಚಿ ಹಾಡಿಕೊಂಡಂತೆ.
ಆಗ ಠಣ್ ಎಂದಿತು. ಉಳಿಯ ತುದಿ ಹಾರಿ
ದೇವರ ಪಟದ ಗಾಜಿಗೆ ಬಡಿಯಿತು.

ಮೊಳೆ.
ಸುತ್ತ ಮಸಿ ಚೆಲ್ಲಿದಂತೆ ನೀಲಿಗಪ್ಪು,
ಹುಳಿ ಕಬ್ಬಿಣವನ್ನು ತಿಂದದ್ದೋ, ಕಬ್ಬಿಣ ಹುಳಿಯನ್ನೋ.
ಮನೆ ಬಾಡಿಗೆಗೆ ಇದೆ ಎಂಬ ತಗಡು
ಆ ಮರಕ್ಕೆ ಯಾವಾಗಲೂ ಇರುತ್ತಿತ್ತು. ಎಂಬತ್ಮೂರರಲ್ಲಿ
ತಗಡಿನ ಮೇಲಿನ ಬಾಣ ನೋಡಿಕೊಂಡೇ
ನಾನೂ ಸುಗಂಧಿಯೂ ಒಂದು ರೂಮು ಹಿಡಿದದ್ದು,
ಸಂಬಳ ಬಂದ ಮೊದಲ ತಿಂಗಳು.
ಅದೇ ಮೊಳೆ ಎನ್ನುವ ಆಸೆ.
ಅಲ್ಲ ಅನ್ನಿ. ಈ ಊರಲ್ಲಿ ಮೊಳೆಗೇನು ಬರ.

ಇಕ್ಕಳದಲ್ಲಿ ಕಿತ್ತೆ. ತೂತು ಉಳಿಯಿತು.
ಮತ್ತೆ ತಿರುಗಿಸಿದರೆ ತೂತೂ ಇಲ್ಲ, ಮಸಿಯೂ ಇಲ್ಲ;
ಒಂದು ಬೂದು ಬಳೆ, ಅಷ್ಟೆ.
ತಿರುಗುವಾಗ ಎಲ್ಲವೂ ದುಂಡಗೆ.

ಆಮೇಲೆ ಉಪ್ಪುಕಾಗದ. ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು.
ಹುಣಸೆಗೆ ಉಪ್ಪು ಸೇರಿದ ಮೇಲೆ
ಬಾಯಲ್ಲಿ ನೀರು ಬರಬೇಕು; ಬಂದದ್ದು ಕಣ್ಣಲ್ಲಿ. ಧೂಳು.
ನಾನೂರಕ್ಕೆ ಬಂದಾಗ ಬೆರಳಿಗೆ ಮರ ಸಿಗಲಿಲ್ಲ.
ಅಗಸೆ ಎಣ್ಣೆ ಒಂದು ತೊಟ್ಟು: ಒದ್ದೆ ಕಲ್ಲಿನ ಹಾಗೆ
ಒಮ್ಮೆಲೇ ಕಪ್ಪಾಯಿತು. ಹಳೆಯ ಪಂಚೆಯ ಚೂರಿನಿಂದ
ಜೇನುಮೇಣ ತಿಕ್ಕಿದೆ, ಕೈ ಬಿಸಿಯಾಗುವ ತನಕ.

ತಿಂಗಳಾದ ಮೇಲೆ, ಸುಮ್ಮನಿರಲಾರದೆ,
ಕಾರ್ಖಾನೆಯ ಹರಾಜಿನಲ್ಲಿ ಕೊಂಡ ವರ್ನಿಯರ್ ತೆಗೆದೆ.
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ:
ಒಂದೂವರೆ ಮಿಲಿಮೀಟರು ಸೊಟ್ಟ.
ಇದರ ನೂರನೇ ಒಂದು ಪಾಲಿಗೆ
ಟ್ರೇಗಟ್ಟಲೆ ವಾಪಸು ಕಳಿಸಿದ್ದೇನೆ, ಸುಗಂಧಿಯದನ್ನೂ.
ಒಂದೇ ರೂಮಿನಲ್ಲಿದ್ದು ಅವಳು
ಒಂದು ವಾರ ಮಾತು ಬಿಟ್ಟಿದ್ದಳು.

ಕರೆಂಟಿರಲಿಲ್ಲ. ಚಿಕ್ಕಪಿಳ್ಳಪ್ಪನವರು ಬೀಡಿ ಆರಿಸಿ
ಬಟ್ಟಲನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಲಿಲ್ಲ.
ಕಿವಿಗೆ ಹಿಡಿದು ಉಗುರಲ್ಲಿ ಬಡಿದರು. ತೂತಿಗೆ ಊದಿದರು.
ಅಂಚನ್ನು ನೆಕ್ಕಿಯೇ ಬಿಟ್ಟರೋ ಏನೋ, ನಾನು ಆಚೆ ನೋಡಿದೆ.
"ಉಳಿ ಐತೆ ಇನ್ನೂವೆ."

ಯಾವ ಉಳಿ ಅಂತ ಕೇಳಲಿಲ್ಲ.
ಕರೆಂಟು ಬಂತು. ಮಂಚದ ಕಾಲು
ನಾಲ್ಕರಲ್ಲಿ ಒಂದು ಬಾಕಿ ಇತ್ತು ಅವರಿಗೆ.